ಒಣಗಿದ್ದೆಲ್ಲ ಬೆಂದದ್ದಲ್ಲ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ನಮ್ಮ ಪಠ್ಯಪುಸ್ತಕಗಳಲ್ಲಿ ರಾಜರು ಯುದ್ಧಕ್ಕೆ ಹೊರಡುತ್ತಾರೆ, ವ್ಯಾಪಾರಿಗಳು ಹಡಗು ಹತ್ತುತ್ತಾರೆ, ಸಾಹಸಿಗಳು ಖಂಡಗಳನ್ನು ದಾಟುತ್ತಾರೆ. ಆದರೆ ಅವರು ದಾರಿಯಲ್ಲಿ ತಿಂದದ್ದೇನು, ತಿಂಗಳುಗಟ್ಟಲೆ ಕೆಡದಂಥ ಬುತ್ತಿಯನ್ನು ಅವರಿಗೆ ಕಟ್ಟಿಕೊಟ್ಟವರು ಯಾರು ಎನ್ನುವ ಮಾತು ಎಲ್ಲಿಯೂ ಬರುವುದಿಲ್ಲ. ಸೈನ್ಯ ನಡೆಯುವುದು ಹೊಟ್ಟೆಯ ಮೇಲೆ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ಹೊಟ್ಟೆಯ ಚರಿತ್ರೆಯನ್ನು ಮಾತ್ರ ಬರೆಯುವುದಿಲ್ಲ.

ಒಣಗಿಸಿದ ಮಾಂಸದ ಚರಿತ್ರೆಯನ್ನು ನಾನು ಕೆದಕಿ ನೋಡಿದ್ದಕ್ಕೆ ಕಾರಣ ಅಮೆರಿಕದ ಮಿನ್ನೆಸೋಟದಲ್ಲಿರುವ ನನ್ನ ಮಗಳು. ಅಲ್ಲಿ ನವೆಂಬರ್ ತಿಂಗಳೆಂದರೆ ಜಿಂಕೆ ಬೇಟೆಯ ಕಾಲ. ಪರವಾನಗಿ ಪಡೆದು ಬೇಟೆಯಾಡುವುದು ಆ ದೇಶದಲ್ಲಿ ಕಾನೂನಿಗೆ ಒಪ್ಪಿದ ಕೆಲಸ. ಹಾಗೆ ಸಿಕ್ಕ ಮಾಂಸವನ್ನು ಮಾರುವಂತಿಲ್ಲ, ಬೇಕಾದವರಿಗೆ ಹಂಚಬಹುದು. ಅಳಿಯನ ಜೊತೆ ಕೆಲಸ ಮಾಡುವವರೊಬ್ಬರು ಪ್ರತಿ ವರ್ಷ ಇವರಿಗೊಂದು ಪಾಲು ಕೊಡುತ್ತಾರೆ. ಅದನ್ನು ಎಳೆ ಎಳೆಯಾಗಿ ಸೀಳಿ, ಉಪ್ಪು ಮಸಾಲೆ ಹಚ್ಚಿ ಒಣಗಿಸಿದರೆ ಅಲ್ಲಿಯವರು 'ಜರ್ಕಿ' ಎನ್ನುತ್ತಾರೆ. ಅದಕ್ಕೆಂದೇ 'ಡಿಹೈಡ್ರೇಟರ್' ಎಂಬ ವಿದ್ಯುತ್ ಪೆಟ್ಟಿಗೆಗಳಿವೆ. "ಯಾವುದು ತಗೊಳ್ಳಲಿ ಅಮ್ಮ? ಅಜ್ಜಿ ಒಲೆ ಮೇಲೆ ಒಣಗಿಸ್ತಿದ್ರಂತಲ್ಲ, ನಿನಗೆ ಗೊತ್ತಿರುತ್ತೆ" ಎಂದು ಮಗಳು ಕೇಳಿದಳು. ನಾಲ್ಕು ವರ್ಷದ ಮೊಮ್ಮಗನೂ ಕೈಹಾಕಿ ತಿನ್ನುವ ಪದಾರ್ಥವಾದ್ದರಿಂದ ಬಾಯಿಗೆ ಬಂದ ಉತ್ತರ ಹೇಳಿ ಕೈತೊಳೆದುಕೊಳ್ಳುವಂತಿರಲಿಲ್ಲ.

ಜರ್ಕಿ ಎನ್ನುವುದು ಹುಟ್ಟಿನಿಂದ ಇಂಗ್ಲಿಷ್ ಶಬ್ದವಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನರಾಡುವ ಕ್ವೆಚುವಾ ಭಾಷೆಯಲ್ಲಿ ಒಣಮಾಂಸಕ್ಕೆ 'ಚಾರ್ಕಿ' ಎಂದು ಹೆಸರು. ಸ್ಪೇನಿನವರು ಅದನ್ನು ಎತ್ತಿಕೊಂಡರು, ಅವರ ಬಾಯಿಂದ ಅದು ಇಂಗ್ಲಿಷಿಗೆ ಬಂತು. ಇಂಕಾ ಅರಸರ ಕುಸ್ಕೊ ಪಟ್ಟಣವಿರುವುದು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ. ಅದಕ್ಕಿಂತ ಮೇಲಿನ ಬಯಲುಗಳಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಹಗಲು ಸುಡುವ ಬಿಸಿಲು, ಗಾಳಿಯಲ್ಲಿ ತೇವವೇ ಇಲ್ಲ. ಲಾಮಾ ಪ್ರಾಣಿಯ ಮಾಂಸವನ್ನು ಅಂಥ ರಾತ್ರಿ ಹಗಲುಗಳಿಗೆ ಒಡ್ಡಿದರೆ ಅದು ಬೆತ್ತದಂತೆ ಒಣಗುತ್ತದೆ. ಆಲೂಗಡ್ಡೆಯನ್ನೂ ಅವರು ಹೀಗೆಯೇ ಹಿಮಕ್ಕೂ ಬಿಸಿಲಿಗೂ ಇಟ್ಟು ಒಣಗಿಸುತ್ತಾರೆ.

ಇಂಕಾ ರಾಜಕುಮಾರಿಗೂ ಸ್ಪೇನಿನ ಸೈನ್ಯಾಧಿಕಾರಿಗೂ 1539ರಲ್ಲಿ ಕುಸ್ಕೊದಲ್ಲಿ ಹುಟ್ಟಿದ ಗಾರ್ಸಿಲಾಸೊ ದೆ ಲಾ ವೇಗ ಎಂಬವನು ತನ್ನ ತಾಯಿಯ ಕಡೆಯವರ ಚರಿತ್ರೆಯನ್ನು ಬರೆದು 1609ರಲ್ಲಿ ಪ್ರಕಟಿಸಿದ. ಇಂಕಾ ಅರಸರ ದೊಡ್ಡ ಬೇಟೆಯ ವರ್ಣನೆ ಅದರಲ್ಲಿದೆ. ಸಾವಿರಾರು ಜನ ಸುತ್ತುವರಿದು ಕಾಡುಪ್ರಾಣಿಗಳನ್ನು ಒಂದೆಡೆ ಕೂಡಿಹಾಕುತ್ತಿದ್ದರಂತೆ. ವಿಕುನ್ಯಾಗಳ ತುಪ್ಪಟ ಕತ್ತರಿಸಿ ಬಿಡುತ್ತಿದ್ದರು, ಮರಿ ಹಾಕುವ ಹೆಣ್ಣುಗಳನ್ನು ಉಳಿಸುತ್ತಿದ್ದರು. ಒಂದು ಸೀಮೆಯಲ್ಲಿ ಬೇಟೆಯಾಡಿದ ಮೇಲೆ ಕೆಲವು ವರ್ಷ ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಕೊಂದ ಪ್ರಾಣಿಗಳ ಮಾಂಸ ಸಾಮಾನ್ಯ ಜನರ ಪಾಲಿಗೆ. ಅವರು ಅದನ್ನು ಚಾರ್ಕಿ ಮಾಡಿ ಮುಂದಿನ ಬೇಟೆಯವರೆಗೂ ಕಾಪಾಡಿಕೊಳ್ಳುತ್ತಿದ್ದರು. ಪೆರುವಿನಲ್ಲಿ ಚಾರ್ಕಿಯನ್ನು ಇಂದಿಗೂ ಗೆಡ್ಡೆಗಳ ಜೊತೆ ಬೇಯಿಸಿ ಪಲ್ಯ ಮಾಡುತ್ತಾರೆ. ಈ 'ಬೇಯಿಸಿ' ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಉತ್ತರ ಅಮೆರಿಕದ ಹುಲ್ಲುಗಾವಲುಗಳಿಗೆ ಬಂದರೆ ಲಾಮಾದ ಜಾಗದಲ್ಲಿ ಕಾಡೆಮ್ಮೆಯಂಥ ಬೈಸನ್ ಇದೆ. ಅಲ್ಲಿನ ಮೂಲನಿವಾಸಿಗಳು ಅದರ ಮಾಂಸವನ್ನು ತೆಳುವಾದ ಹಾಳೆಗಳಂತೆ ಸೀಳಿ, ಕಂಬಗಳ ಮೇಲೆ ಬಿಸಿಲಿಗೂ ಬೆಂಕಿಯ ಕಾವಿಗೂ ಒಣಗಿಸಿ, ಕುಟ್ಟಿ ಪುಡಿಮಾಡಿ, ಕಾಯಿಸಿದ ಕೊಬ್ಬಿನಲ್ಲಿ ಕಲಸಿ ತೊಗಲಿನ ಚೀಲಗಳಲ್ಲಿ ತುಂಬುತ್ತಿದ್ದರು. ಇದಕ್ಕೆ 'ಪೆಮಿಕನ್' ಎಂದು ಹೆಸರು. ಕ್ರೀ ಭಾಷೆಯಲ್ಲಿ ಕೊಬ್ಬಿಗೆ ಇರುವ ಶಬ್ದದಿಂದ ಬಂದದ್ದು. ಒಂದೊಂದು ಚೀಲ ಸುಮಾರು 40 ಕಿಲೋ ತೂಗುತ್ತಿತ್ತು. ಸೀಳುವುದು, ಒಣಗಿಸುವುದು, ಕುಟ್ಟುವುದು, ಚೀಲ ಹೊಲಿಯುವುದು ಇವೆಲ್ಲ ಹೆಚ್ಚಾಗಿ ಹೆಂಗಸರ ಕೆಲಸ. ತುಪ್ಪಳದ ವ್ಯಾಪಾರದ ದೋಣಿಗಳು ಕೆನಡಾದ ಒಳನಾಡಿನಲ್ಲಿ ಸಾವಿರಾರು ಮೈಲಿ ಸಾಗಿದ್ದು ಈ ಹೆಂಗಸರ ಒನಕೆಯ ಬಲದಿಂದ ಎಂದರೆ ತಪ್ಪಾಗಲಾರದು. ಚರಿತ್ರೆಯಲ್ಲಿ ಕಂಪೆನಿಗಳ ಹೆಸರಿದೆ, ದೋಣಿಯ ಯಜಮಾನರ ಹೆಸರಿದೆ, ಕುಟ್ಟಿದವರ ಹೆಸರಿಲ್ಲ.

ಈ ಬುತ್ತಿಗಾಗಿ ರಕ್ತವೂ ಹರಿಯಿತು. ಇಂದಿನ ವಿನ್ನಿಪೆಗ್ ನಗರವಿರುವ ರೆಡ್ ರಿವರ್ ಪ್ರದೇಶದಲ್ಲಿ ಹಡ್ಸನ್ಸ್ ಬೇ ಕಂಪೆನಿಯ ಆಶ್ರಯದಲ್ಲಿ ಹೊಸ ವಸಾಹತು ಕಟ್ಟಿದ್ದರು. ವಲಸೆ ಬಂದವರಿಗೆ ಆಹಾರದ ಕೊರತೆ. ಗವರ್ನರ್ ಮೈಲ್ಸ್ ಮೆಕ್‌ಡೊನೆಲ್ 1814ರ ಜನವರಿ 8ರಂದು, ತನ್ನ ಸೀಮೆಯಿಂದ ಪೆಮಿಕನ್ ಹೊರಗೆ ಸಾಗಿಸಕೂಡದೆಂದು ಆಜ್ಞೆ ಹೊರಡಿಸಿದ. ಎದುರಾಳಿ ನಾರ್ತ್ ವೆಸ್ಟ್ ಕಂಪೆನಿಯ ದೋಣಿಗಳು ನಡೆಯುತ್ತಿದ್ದದ್ದೇ ಪೆಮಿಕನ್ ಮೇಲೆ. ಅದನ್ನು ಮಾಡಿ ಮಾರಿ ಬದುಕುತ್ತಿದ್ದ ಮೆಟಿಸ್ ಜನರ ಹೊಟ್ಟೆಯ ಮೇಲೂ ಹೊಡೆತ ಬಿತ್ತು. ಜಗಳ ಬೆಳೆದು 1816ರ ಜೂನ್ 19ರಂದು ಸೆವೆನ್ ಓಕ್ಸ್ ಎಂಬಲ್ಲಿ ಕಾಳಗವಾಯಿತು. ಆಗಿನ ಗವರ್ನರ್ ರಾಬರ್ಟ್ ಸೆಂಪಲ್ ಸೇರಿದಂತೆ ವಸಾಹತಿನ ಕಡೆಯ 21 ಮಂದಿಯೂ ಮೆಟಿಸ್ ಕಡೆಯ ಒಬ್ಬನೂ ಸತ್ತರು. ಕೊನೆಗೆ 1821ರಲ್ಲಿ ಎರಡೂ ಕಂಪೆನಿಗಳು ಒಂದಾದವು. ಬೈಸನ್‌ಗಳ ಹಿಂಡುಗಳಂತೂ 1880ರ ದಶಕದ ಹೊತ್ತಿಗೆ ಮಿತಿಮೀರಿದ ಬೇಟೆಗೆ ಹೆಚ್ಚುಕಡಿಮೆ ನಿರ್ನಾಮವಾದವು. ಇಂಕಾ ಅರಸರು ಪಾಲಿಸಿದ ಮಿತಿಯನ್ನು ಇಲ್ಲಿ ಯಾರೂ ಪಾಲಿಸಲಿಲ್ಲ.

ಪೆಮಿಕನ್ನನ್ನು ಹಾಗೆಯೇ ಕಡಿದು ತಿನ್ನುತ್ತಿದ್ದದ್ದು ಉಂಟು. ಆದರೆ ಬೆಂಕಿ ಹೊತ್ತಿಸಲು ಅವಕಾಶವಿದ್ದ ಕಡೆ ನೀರು, ಹಿಟ್ಟು ಹಾಕಿ ಕುದಿಸಿ ಅಂಬಲಿ ಮಾಡಿಕೊಳ್ಳುತ್ತಿದ್ದರು. ದಕ್ಷಿಣ ಧ್ರುವಕ್ಕೆ ಹೊರಟ ಸ್ಕಾಟನ ತಂಡದವರು ಕೂಡ ಪೆಮಿಕನ್ನಿಗೆ ಬಿಸ್ಕತ್ತು, ಕರಗಿಸಿದ ಹಿಮ ಸೇರಿಸಿ ಸ್ಟವ್ ಮೇಲೆ ಕುದಿಸಿ ಕುಡಿಯುತ್ತಿದ್ದರು.

ದಕ್ಷಿಣ ಆಫ್ರಿಕದ 'ಬಿಲ್ಟಾಂಗ್' ಇದರ ಇನ್ನೊಬ್ಬ ದಾಯಾದಿ. ಡಚ್ಚರಿಂದ ಬಂದ ಹೆಸರು ಅದು. ತೊಡೆಯ ಹಿಂಭಾಗದ ಮಾಂಸದ ಪಟ್ಟಿ ಎಂದು ಅರ್ಥ. 1830ರ ದಶಕದಲ್ಲಿ ಎತ್ತಿನ ಗಾಡಿಗಳಲ್ಲಿ ಒಳನಾಡಿಗೆ ಗುಳೆ ಹೊರಟ ಬೋಯರ್ ಜನರಿಗೆ ಅದೇ ದಾರಿಯ ಬುತ್ತಿ. ಬೇಟೆಯಾಡಿದ ಜಿಂಕೆಯ ಮಾಂಸಕ್ಕೆ ವಿನೆಗರ್, ಉಪ್ಪು, ಮೆಣಸು ಹಚ್ಚಿ, ಹುರಿದು ಕುಟ್ಟಿದ ಕೊತ್ತಂಬರಿ ಬೀಜ ಸವರಿ ಗಾಳಿಗೆ ನೇತುಹಾಕುತ್ತಾರೆ. ಅಲ್ಲಿ ಕಾವಿಲ್ಲ. ಹುಳಿ ಮತ್ತು ಉಪ್ಪು ಕಾವಲು ನಿಲ್ಲುತ್ತವೆ.

ನಮ್ಮ ದೇಶಕ್ಕೂ ಇದು ಹೊಸತಲ್ಲ. ಸಂಸ್ಕೃತದ ಅಮರಕೋಶದಲ್ಲಿ ಒಣಮಾಂಸಕ್ಕೆ 'ವಲ್ಲೂರ' ಎಂಬ ಪ್ರತ್ಯೇಕ ಶಬ್ದವೇ ಇದೆ. ಕೊಡಗಿನಲ್ಲಿ ಅದು 'ಒಣಕ್ ಎರ್ಚಿ'. ನಮ್ಮ ಮಲೆನಾಡಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸೂರ್ಯನ ಮುಖ ಕಾಣುವುದು ಕಷ್ಟ. ಬಿಸಿಲನ್ನು ನಂಬಿದರೆ ಹುಳು ಬೀಳುತ್ತದೆ. ಆದ್ದರಿಂದ ನಮ್ಮವರು ನಂಬಿದ್ದು ಹೊಗೆಯನ್ನು. ಒಲೆಯ ಮೇಲೆ ಬಿದಿರಿನ ತಟ್ಟಿಯ ಅಟ್ಟ, ಅದರ ಕೆಳಗೆ ಹಗಲಿರುಳು ಆರದ ಬೆಂಕಿ. ಉಪ್ಪು, ಅರಿಸಿನ ಸವರಿದ ಮಾಂಸದ ಪಟ್ಟಿಗಳು ಅಲ್ಲಿ ಇಲ್ಲಣದ ಬಣ್ಣಕ್ಕೆ ತಿರುಗುವವರೆಗೂ ತೂಗುತ್ತಿದ್ದವು. ಅವ್ವನ ತಾಯಿಯ ಕಾಲಕ್ಕೆ ಅದು ಕಾಡುಹಂದಿ, ಕಡವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬಂತು. ಪರವಾನಗಿಯ ಬೇಟೆಗೆ ಉಳಿದಿದ್ದ ಸಂದುಗಳೂ 1991ರ ತಿದ್ದುಪಡಿಯಿಂದ ಮುಚ್ಚಿಹೋದವು. ಕಾಡುಪ್ರಾಣಿಯ ಮಾಂಸವನ್ನು ಮನೆಯಲ್ಲಿಟ್ಟುಕೊಳ್ಳುವುದೇ ನಮ್ಮಲ್ಲಿ ಅಪರಾಧ, ಅದು ಸರಿಯಾದದ್ದೇ. ನಾನು ಅವ್ವನ ಅಟ್ಟದ ಮೇಲೆ ಕಂಡದ್ದು ಸಾಕಿದ ಹಂದಿ ಮತ್ತು ಕುರಿಯ ಮಾಂಸವನ್ನು ಮಾತ್ರ.

ಅವ್ವ ಅಟ್ಟದಿಂದ ಇಳಿಸಿದ್ದನ್ನು ಎಂದೂ ನೇರವಾಗಿ ಬಾಯಿಗೆ ಹಾಕಲು ಬಿಟ್ಟವಳಲ್ಲ. ಬಿಸಿನೀರಿನಲ್ಲಿ ನೆನೆಹಾಕಿ, ಮಸಿ ಹೋಗುವಂತೆ ಉಜ್ಜಿ ತೊಳೆದು, ಒರಳಲ್ಲಿ ಜಜ್ಜಿ, ಮಸಾಲೆಯಲ್ಲಿ ಹದವಾಗಿ ಬೇಯಿಸಿ ಅಕ್ಕಿರೊಟ್ಟಿಗೆ ಬಡಿಸುತ್ತಿದ್ದಳು. ನಾವು ಮಕ್ಕಳು ಒಂದು ಚೂರು ಕದ್ದು ಕಚ್ಚಿದರೆ, "ಒಣಗಿದ್ದೆಲ್ಲ ಬೆಂದದ್ದಲ್ಲ ಕಣ್ರೋ" ಎಂದು ಗದರುತ್ತಿದ್ದಳು. ಮಗಳ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಆ ಗದರಿಕೆಯಲ್ಲಿ ಎಷ್ಟು ವಿಜ್ಞಾನವಿದೆ ಎಂಬುದು ನನಗೆ ತಿಳಿಯಿತು.

ಮಾಂಸ ಕೆಡುವುದು ಅದರಲ್ಲಿರುವ ನೀರಿನಿಂದ. ಸೂಕ್ಷ್ಮಜೀವಿಗಳು ಬೆಳೆಯಲು ನೀರು ಬೇಕು. ನೀರನ್ನು ತೆಗೆದರೆ ನಾಲ್ಕು ಕಿಲೋ ಮಾಂಸ ಹೆಚ್ಚುಕಡಿಮೆ ಒಂದು ಕಿಲೋಗೆ ಇಳಿಯುತ್ತದೆ, ಜೀವಿಗಳ ಬೆಳವಣಿಗೆ ನಿಲ್ಲುತ್ತದೆ. ನಿಲ್ಲುತ್ತದೆ, ಅಷ್ಟೆ, ಅವು ಸಾಯಬೇಕೆಂದೇನೂ ಇಲ್ಲ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಕಪ್ಪೆಗಳು ಕೆಸರಿನಡಿ ಸೇರಿ ಮಳೆಗೆ ಕಾಯುವಂತೆ ಕೆಲವು ರೋಗಾಣುಗಳು ಒಣಮಾಂಸದಲ್ಲಿ ಕಾದು ಕುಳಿತಿರುತ್ತವೆ. ಅವುಗಳನ್ನು ಕೊಲ್ಲುವುದು ಬೆಂಕಿ. ಹಳೆಯ ಕಾಲದ ಬಹುಪಾಲು ಮನೆಗಳಲ್ಲಿ ಒಣಗಿಸಿದ ಮೇಲೆ ಒಂದು ಕುದಿ ಇದ್ದೇ ಇತ್ತು.

ಅಮೆರಿಕದಲ್ಲಿ ಮನೆಬಳಕೆಯ ಡಿಹೈಡ್ರೇಟರುಗಳು 1970ರ ದಶಕದಿಂದೀಚೆಗೆ ಅಡುಗೆಮನೆಗಳನ್ನು ಸೇರಿದವು. ಅಷ್ಟರಲ್ಲಿ ಜರ್ಕಿಯ ಬದುಕೂ ಬದಲಾಗಿತ್ತು. ಬುತ್ತಿಯಾಗಿದ್ದದ್ದು ಕುರುಕಲು ತಿಂಡಿಯಾಯಿತು. ನೆನೆಸುವುದು, ಜಜ್ಜುವುದು, ಕುದಿಸುವುದು ಎಲ್ಲ ಬಿಟ್ಟುಹೋಗಿ, ಪೆಟ್ಟಿಗೆಯಿಂದ ತೆಗೆದದ್ದು ನೇರವಾಗಿ ಬಾಯಿಗೆ ಹೋಗತೊಡಗಿತು. ಯಂತ್ರ ಬಂದದ್ದು ಅಟ್ಟದ ಬದಲಿಗೆ. ಒಲೆಯ ಬದಲಿಗೆ ಏನು ಬಂತು ಎಂದು ಕೇಳಿದವರು ಕಡಿಮೆ.

ಅದರ ಫಲ 1995ರಲ್ಲಿ ಕಂಡಿತು. ಆ ವರ್ಷ ಆರೆಗಾನ್ ರಾಜ್ಯದಲ್ಲಿ ಮನೆಯಲ್ಲೇ ಮಾಡಿದ ಜಿಂಕೆಮಾಂಸದ ಜರ್ಕಿ ತಿಂದು 11 ಮಂದಿ ಕಾಯಿಲೆಬಿದ್ದರು. 'ಇ. ಕೋಲೈ ಓ157' ಎಂಬ ರೋಗಾಣು ಅದಕ್ಕೆ ಕಾರಣ. ಚಿಕ್ಕ ಮಕ್ಕಳಿಗೆ ತಗುಲಿದರೆ ಮೂತ್ರಪಿಂಡಕ್ಕೇ ಕುತ್ತು ತರಬಲ್ಲ ರೋಗಾಣು ಅದು. ಆ ಮಾಂಸವನ್ನು ಒಣಗಿಸಿದ್ದು ಡಿಹೈಡ್ರೇಟರಿನಲ್ಲಿ, ಸುಮಾರು 52ರಿಂದ 57 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ. ಸಂಶೋಧಕರು ಆಮೇಲೆ ಪರೀಕ್ಷಿಸಿ ನೋಡಿದಾಗ, ಸುಮಾರು 63 ಡಿಗ್ರಿಯಲ್ಲಿ ಹತ್ತು ಗಂಟೆ ಒಣಗಿಸಿದ ಮಾಂಸದಲ್ಲೂ ರೋಗಾಣು ಜೀವಂತ ಸಿಕ್ಕಿತು. ಅದೇ ವರ್ಷ ಐಡಹೊ ರಾಜ್ಯದಲ್ಲಿ, ಬೇಟೆಯಾಡಿದ ಕೂಗರ್ ಎಂಬ ಬೆಟ್ಟದ ಸಿಂಹದ ಮಾಂಸವನ್ನು ಉಪ್ಪುನೀರಿನಲ್ಲಿ ನೆನೆಸಿ ಹೊಗೆಗೆ ಹಿಡಿದು ಜರ್ಕಿ ಮಾಡಿ ತಿಂದವರಿಗೆ 'ಟ್ರೈಕಿನೆಲ್ಲ' ಎಂಬ ಹುಳುವಿನ ರೋಗ ಬಂತು. ಉಪ್ಪೂ ಇತ್ತು, ಹೊಗೆಯೂ ಇತ್ತು. ಸಾಕಷ್ಟು ಕಾವು ಇರಲಿಲ್ಲ.

ಹತ್ತು ಗಂಟೆ ಬಿಸಿಗಾಳಿಯಲ್ಲಿಟ್ಟರೂ ರೋಗಾಣು ಸಾಯದಿರುವುದು ಹೇಗೆ ಎಂದು ಯಾರಿಗಾದರೂ ಅನಿಸೀತು. ಮಣ್ಣಿನ ಮಡಕೆಯ ನೀರು ಬೇಸಗೆಯಲ್ಲೂ ಏಕೆ ತಣ್ಣಗಿರುತ್ತದೆ ಎಂಬುದನ್ನು ನೆನೆದರೆ ಉತ್ತರ ಸಿಗುತ್ತದೆ. ನೀರು ಆವಿಯಾಗುವಾಗ ಕಾವನ್ನು ಹೀರಿಕೊಂಡು ಹೋಗುತ್ತದೆ. ಹಸಿಮಾಂಸದ ಪಟ್ಟಿ ಬೆವರುತ್ತಿರುವಷ್ಟು ಹೊತ್ತು, ಸುತ್ತಲಿನ ಗಾಳಿ ಎಷ್ಟೇ ಬಿಸಿಯಿದ್ದರೂ, ಅದರ ಮೈ ಅಷ್ಟು ಬಿಸಿಯಾಗುವುದಿಲ್ಲ. ಅದು ಪೂರ್ತಿ ಒಣಗಿ ಬಿಸಿಯೇರುವ ಹೊತ್ತಿಗೆ ಒಳಗಿನ ರೋಗಾಣುಗಳೂ ಒಣಗಿ ಗಟ್ಟಿಯಾಗಿರುತ್ತವೆ. ಒಣಗಿದ ರೋಗಾಣು ಹಸಿಯಾಗಿದ್ದಾಗಿನದಕ್ಕಿಂತ ಹೆಚ್ಚು ಕಾವು ತಡೆಯುತ್ತದೆ. ಆದ್ದರಿಂದಲೇ ಅಮೆರಿಕದ ಕೃಷಿ ಇಲಾಖೆ ಹೇಳುವ ಕ್ರಮ ಹೀಗಿದೆ: ಜಿಂಕೆಯಾಗಲಿ ದನವಾಗಲಿ, ಒಣಗಿಸುವ ಮೊದಲೇ ಮಾಂಸವನ್ನು ಹಬೆಯಲ್ಲೋ ಓವನ್ನಿನಲ್ಲೋ ಅದರ ಒಳಗಿನ ಕಾವು 71 ಡಿಗ್ರಿ ಮುಟ್ಟುವವರೆಗೆ ಬೇಯಿಸಬೇಕು, ಕೋಳಿ ಜಾತಿಯದಾದರೆ 74 ಡಿಗ್ರಿ. ಆಮೇಲೆ 54ರಿಂದ 60 ಡಿಗ್ರಿಯ ಗಾಳಿಯಲ್ಲಿ ಒಣಗಿಸಬೇಕು. ಅವ್ವ ಕೊನೆಗೆ ಮಾಡುತ್ತಿದ್ದ ಕೆಲಸವನ್ನು ಅವರು ಮೊದಲಿಗೆ ತಂದಿದ್ದಾರೆ.

ಇಷ್ಟು ತಿಳಿದ ಮೇಲೆ ಯಂತ್ರದ ಆಯ್ಕೆ ಕಷ್ಟವಾಗಲಿಲ್ಲ. ಫ್ಯಾನ್ ಇಲ್ಲದ, ಕಾವನ್ನು ಹೆಚ್ಚುಕಡಿಮೆ ಮಾಡಲು ಬಾರದ ಅಗ್ಗದ ಪೆಟ್ಟಿಗೆಗಳು ಸೇಬಿನ ಹೋಳಿಗೋ ಸೊಪ್ಪಿಗೋ ಸಾಕಾದಾವು, ಮಾಂಸಕ್ಕೆ ಬೇಡ. ಉಳಿದವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ದುಂಡನೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ; ಫ್ಯಾನ್ ಅಡಿಯಲ್ಲೋ ತುದಿಯಲ್ಲೋ ಇರುತ್ತದೆ. ಬೆಲೆ ಕಡಿಮೆ, ಜಾಗವೂ ಕಡಿಮೆ ಸಾಕು. ಆದರೆ ಫ್ಯಾನಿಗೆ ಹತ್ತಿರದ ತಟ್ಟೆ ಬೇಗ ಒಣಗುತ್ತದೆ, ದೂರದ್ದು ಹಸಿಯಾಗಿ ಉಳಿಯುತ್ತದೆ, ಆಗಾಗ ತಟ್ಟೆಗಳನ್ನು ಮೇಲೆ ಕೆಳಗೆ ಮಾಡುತ್ತಿರಬೇಕು. ಫ್ಯಾನ್ ಅಡಿಯಲ್ಲಿದ್ದರೆ ಮಾಂಸದ ರಸವೂ ಕೊಬ್ಬೂ ಅದರ ಮೇಲೆಯೇ ತೊಟ್ಟಿಕ್ಕುತ್ತವೆ. ಇನ್ನೊಂದು ಜಾತಿ ಚೌಕದ ಪೆಟ್ಟಿಗೆ. ಫ್ಯಾನ್ ಹಿಂಬದಿಯಲ್ಲಿದ್ದು, ಗಾಳಿ ಎಲ್ಲ ತಟ್ಟೆಗಳ ಮೇಲೂ ಅಡ್ಡಲಾಗಿ ಸಮನಾಗಿ ಹಾಯುತ್ತದೆ. ತಟ್ಟೆಗಳನ್ನು ಎಳೆದು ತೆಗೆದು ತೊಳೆಯಬಹುದು. ವರ್ಷಕ್ಕೊಮ್ಮೆ ಹತ್ತು ಕಿಲೋ ಮಾಂಸ ಬರುವ ಮನೆಗೆ ಇದೇ ವಾಸಿ ಎಂದೆ. ಎರಡರಲ್ಲಿ ಯಾವುದಾದರೂ ಕಾವಿನ ಗುಂಡಿ 71 ಡಿಗ್ರಿಯವರೆಗೆ, ಅಲ್ಲಿನ ಲೆಕ್ಕದಲ್ಲಿ 160 ಫ್ಯಾರನ್‌ಹೀಟ್‌ವರೆಗೆ, ಹೋಗಲೇಬೇಕು. ಹಾಗೆಂದು ಗುಂಡಿಯ ಮೇಲೆ ಬರೆದ ಅಂಕಿಯನ್ನು ನಂಬಿ ಕೂರಬಾರದು. ಅದು ಹೇಳುವುದು ಹೆಚ್ಚೆಂದರೆ ಗಾಳಿಯ ಕಾವನ್ನು, ಮಾಂಸದ ಕಾವನ್ನಲ್ಲ.

ಯಂತ್ರಕ್ಕೆ ಸಂಬಂಧವಿಲ್ಲದ ಕೆಲವು ಮಾತುಗಳನ್ನೂ ಸೇರಿಸಿ ಬರೆದೆ. ಮಾಂಸವನ್ನು ಅರೆಹೆಪ್ಪುಗಟ್ಟಿಸಿ ಕೊಯ್ದರೆ ಪಟ್ಟಿಗಳು ಸಮನಾಗಿ ಬರುತ್ತವೆ. ದಪ್ಪ ಆರು ಮಿಲಿಮೀಟರ್ ಮೀರಬಾರದು. ಕೊಬ್ಬನ್ನೆಲ್ಲ ಕೆರೆದು ತೆಗೆಯಬೇಕು, ಏಕೆಂದರೆ ಕೊಬ್ಬು ಒಣಗುವುದಿಲ್ಲ, ಕಮಟುತ್ತದೆ. ಕರಡಿ ಮುಂತಾದ ಕಾಡುಪ್ರಾಣಿಗಳ ಮಾಂಸದಲ್ಲಿರುವ ಕೆಲವು ಬಗೆಯ ಟ್ರೈಕಿನೆಲ್ಲ ಫ್ರೀಜರಿನ ಚಳಿಗೂ ಸಾಯುವುದಿಲ್ಲವಾದ್ದರಿಂದ 'ತಿಂಗಳಿಂದ ಫ್ರೀಜರಿನಲ್ಲಿತ್ತು' ಎಂಬ ಭರವಸೆ ಸಾಲದು. ಮಿನ್ನೆಸೋಟವೂ ಸೇರಿ ಅಲ್ಲಿನ ಹಲವು ರಾಜ್ಯಗಳ ಜಿಂಕೆಗಳಲ್ಲಿ, ಸೊರಗಿ ಸೊರಗಿ ಸಾಯುವ ಒಂದು ಮಿದುಳಿನ ರೋಗವಿದೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಗುರುತಿಸಿದ್ದು. ಮನುಷ್ಯರಿಗೆ ಅದು ತಗುಲಿದ್ದು ಖಚಿತವಾಗಿ ಕಂಡುಬಂದಿಲ್ಲ. ಆದರೂ ಅದನ್ನು ಹರಡುವ ವಸ್ತು ಬೇಯಿಸಿದರೂ ನಾಶವಾಗದು. ಆದ್ದರಿಂದ ಆ ರೋಗವಿರುವ ಸೀಮೆಯ ಜಿಂಕೆಯಾದರೆ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೊಡುವವರನ್ನು ಸಂಕೋಚಪಡದೆ ಕೇಳು ಎಂದೆ.

ಮಗಳಿಗೆ ಯಂತ್ರಕ್ಕಿಂತ ಮೊದಲು ನಾನು ಕೊಳ್ಳಲು ಹೇಳಿದ್ದು ಮಾಂಸದೊಳಗೆ ಚುಚ್ಚಿ ನೋಡುವ ಒಂದು ಸಣ್ಣ ಥರ್ಮಾಮೀಟರನ್ನು. ಅದರ ಬೆಲೆ ಯಂತ್ರದ ಬೆಲೆಯ ಮುಂದೆ ಏನೂ ಅಲ್ಲ. ಹಬೆಪಾತ್ರೆ ಅವಳ ಮನೆಯಲ್ಲಿ ಆಗಲೇ ಇತ್ತು. ಇಡ್ಲಿ ಬೇಯಿಸುವ ಆ ಪಾತ್ರೆಯಲ್ಲಿಯೇ ಪಟ್ಟಿಗಳನ್ನು ಮೊದಲು ಬೇಯಿಸಿ, 71 ಮುಟ್ಟಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಬಿಸಿ ಆರುವ ಮೊದಲೇ ಪೆಟ್ಟಿಗೆಯಲ್ಲಿಡಬೇಕೆಂದು ತೀರ್ಮಾನವಾಯಿತು. ಹಾಗೆ ಮಾಡಿದರೆ ಅಂಗಡಿಯ ಜರ್ಕಿಯಂತೆ ನಾರುನಾರಾಗಿ ಬರುವುದಿಲ್ಲ, ಸ್ವಲ್ಪ ಪುಡಿಯಾಗುತ್ತದೆ ಎಂದು ಅವಳ ತಕರಾರು. ಆಗಲಿ ಬಿಡು ಎಂದೆ. ದೊಡ್ಡವರು ಅದನ್ನು ಕುರುಕಲಿ. ಮಗುವಿನ ಪಾಲನ್ನು ಮಾತ್ರ ಬಿಸಿನೀರಿನಲ್ಲಿ ನೆನೆಸಿ, ಜಜ್ಜಿ, ಸಾರಿನಲ್ಲಿ ಇನ್ನೊಮ್ಮೆ ಕುದಿಸಿ ಅನ್ನಕ್ಕೆ ಕಲಸಿ ಕೊಡು ಎಂದು ಹೇಳಿದ್ದೇನೆ.